ಪ್ರೊಬಯಾಟಿಕ್ ಪುಡಿಯಿಂದ ಆಟಿಸಂ ಕಡಿಮೆಯಾಗತ್ತಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮಗನಿಗೆ ಐದು ವರ್ಷ, ಆಟಿಸಂ ಇದೆ. ಮೊಸರನ್ನ, ಒಂದೇ ಥರದ ಬಿಸ್ಕೆಟ್, ಹಾಲು ಬಿಟ್ಟು ಬೇರೇನೂ ಮುಟ್ಟಲ್ಲ. ಕಕ್ಕ ನಾಲ್ಕೈದು ದಿನಕ್ಕೊಮ್ಮೆ. ಬಂದಾಗ ಕರ್ಟನ್ ಹಿಂದೆ ಹೋಗಿ ತುದಿಗಾಲಲ್ಲಿ ಬಿಗಿಹಿಡಿದು ನಿಲ್ತಾನೆ. ಕರುಳು ಸರಿಹೋದ್ರೆ ಆಟಿಸಂ ಹೋಗತ್ತೆ ಅಂತ ನಾದಿನಿ ವಿಡಿಯೋ ಕಳಿಸಿದಾರೆ. ಕರುಳಿಗೆ ಒಳ್ಳೇ ಬ್ಯಾಕ್ಟೀರಿಯಾ ಸೇರಿಸತ್ತೆ ಅನ್ನೋ ಪ್ರೊಬಯಾಟಿಕ್ ಪುಡಿಗೆ ತಿಂಗಳಿಗೆ ಮೂರು ಸಾವಿರ. ಸ್ಪೀಚ್ ಥೆರಪಿ ಫೀಸ್ ಜೊತೆ ಇದೂ ಆಗಲ್ಲ. ಯಾವುದು ಬಿಡಲಿ?

ಉತ್ತರ (ಮಕ್ಕಳ ವೈದ್ಯೆ): ಪುಡಿ ಬಿಡಿ. ಥೆರಪಿ ಬಿಡಬೇಡಿ.

ವಿಡಿಯೋದಲ್ಲಿ ಹೇಳಿರೋದಕ್ಕೆ ಬುಡವೇ ಇಲ್ಲ ಅಂತಲ್ಲ. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಆರೋಗ್ಯವಂತರ ಮಲದಿಂದ ತೆಗೆದ ಬ್ಯಾಕ್ಟೀರಿಯಾವನ್ನು 18 ಆಟಿಸಂ ಮಕ್ಕಳಿಗೆ ಕೊಟ್ಟು, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಟ್ಟೆ ತೊಂದರೆ ಬಹಳ ಇಳಿಯಿತು, ನಡವಳಿಕೆಯೂ ಸುಧಾರಿಸಿದಂತೆ ಕಂಡಿತು. ಆದರೆ ಹೋಲಿಸಿ ನೋಡಲು ಹುಸಿ ಔಷಧ ಕೊಟ್ಟ ಮಕ್ಕಳೇ ಇರಲಿಲ್ಲ. ಚಿಕಿತ್ಸೆ ನಡೀತಿದೆ ಅಂತ ಹೆತ್ತವರಿಗೆಲ್ಲ ಗೊತ್ತಿತ್ತು. ಆಸೆಗಣ್ಣಿಗೆ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣತ್ತೆ. ಅಲ್ಲದೆ ಅಲ್ಲಿ ಮೊದಲು ಎರಡು ವಾರ ಆಂಟಿಬಯಾಟಿಕ್ ಕೊಟ್ಟು, ಕರುಳು ತೊಳೆದು, ಆಮೇಲೆ ಬ್ಯಾಕ್ಟೀರಿಯಾ ಕೊಟ್ಟಿದ್ದು. ಅಂಗಡಿ ಪುಡಿಗೂ ಅದಕ್ಕೂ ಏನು ಸಂಬಂಧ?

2021ರಲ್ಲಿ ಆಸ್ಟ್ರೇಲಿಯಾದವರು 247 ಮಕ್ಕಳ ಮಲ ಪರೀಕ್ಷಿಸಿದಾಗ ಕಂಡಿದ್ದು ಉಲ್ಟಾ ಕಥೆ. ಆಟಿಸಂ ಇರೋ ಮಕ್ಕಳು ಆರಿಸಿ ಆರಿಸಿ ತಿಂತಾರೆ, ಊಟದಲ್ಲಿ ವೈವಿಧ್ಯ ಇರಲ್ಲ, ಅದಕ್ಕೇ ಬ್ಯಾಕ್ಟೀರಿಯಾದಲ್ಲೂ ವೈವಿಧ್ಯ ಕಮ್ಮಿ. ನಿಮ್ಮ ಮಗನ ತಟ್ಟೆ ನೆನಪಿಸಿಕೊಳ್ಳಿ.

ನನಗೆ ಚಿಂತೆ ಆ ಕರ್ಟನ್ ಹಿಂದಿನದ್ದು. ಒಮ್ಮೆ ನೋವಾಗಿದೆ, ಆ ಹೆದರಿಕೆಗೆ ತಡೀತಾನೆ, ತಡೆದಷ್ಟೂ ಗಟ್ಟಿಯಾಗತ್ತೆ. ದಿನಕ್ಕೆ ಎಷ್ಟು ಹಾಲು? ಚಡ್ಡೀಲಿ ಕಲೆ ಇರತ್ತಾ?

ಪ್ರಶ್ನೆ: ಹಾಲು ಮುಕ್ಕಾಲು ಲೀಟರ್. ಕಲೆ ಇರತ್ತೆ, ಭೇದಿ ಅಂದ್ಕೊಂಡಿದ್ದೆ. ಮೊಸರೂ ನಿಲ್ಲಿಸಲಾ?

ಉತ್ತರ: ಭೇದಿ ಇರಲಿಕ್ಕಿಲ್ಲ. ಗಟ್ಟಿ ಮಲದ ಪಕ್ಕದಿಂದ ನೀರಾಗಿ ಸೋರತ್ತೆ. ಭೇದಿ ನಿಲ್ಲಿಸೋ ಔಷಧ ಮಾತ್ರ ಕೊಡಬೇಡಿ, ಇನ್ನೂ ಕಟ್ಕೊಳ್ಳತ್ತೆ. ಈ ವಾರವೇ ನಿಮ್ಮ ಮಕ್ಕಳ ಡಾಕ್ಟರಿಗೆ ತೋರಿಸಿ. ಮಲ ಮೆತ್ತಗಾಗೋ ಔಷಧ ಬರೆದುಕೊಡ್ತಾರೆ. ಎರಡು ಸಲ ಸರಾಗ ಆಯ್ತು ಅಂತ ನೀವೇ ನಿಲ್ಲಿಸಬೇಡಿ, ತಿಂಗಳುಗಟ್ಟಲೆ ಬೇಕಾಗಬಹುದು. ಹಾಲು ನಿಧಾನವಾಗಿ ಅರ್ಧ ಲೀಟರಿನೊಳಗೆ ಇಳಿಸಿ. ಕಮೋಡ್ ಆದ್ರೆ ಕಾಲಡಿಗೆ ಮಣೆ ಇಡಿ. ಮೊಸರನ್ನ ಇರಲಿ, ಅವನು ನಂಬಿರೋ ಊಟ ಅದು. ಅದೇ ಬಟ್ಟಲ ಅಂಚಿಗೆ ಒಂದು ಚೂರು ಪರಂಗಿಹಣ್ಣು ಇಡಿ. ತಿನ್ನು ಅನ್ನಬೇಡಿ. ಮುಟ್ಟಿ ನೋಡಿದ್ರೂ ಆ ದಿನಕ್ಕೆ ಸಾಕು.