ಸಹಾಯ ಬೇಕು: ಗ್ರಾಫೈಟ್ ಮೇಲೆ ಕೂತ ನೀರಹನಿಯ ಕೋನ ಅಳೆಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿ ಪದವಿಪೂರ್ವ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಕೆಸುವಿನ ಎಲೆಯ ಮೇಲೆ ಮಳೆಹನಿ ಮುತ್ತಿನಂತೆ ಉರುಳುವುದನ್ನು ತೋರಿಸಿ ಸ್ಪರ್ಶಕೋನದ (ಹನಿಯ ಅಂಚು ಮೇಲ್ಮೈಯನ್ನು ಮುಟ್ಟುವಲ್ಲಿ ನೀರಿನೊಳಗೆ ಆಗುವ ಕೋನ; ಮೇಲ್ಮೈ ನೀರನ್ನು ಒಲ್ಲದಷ್ಟೂ ಅದು ದೊಡ್ಡದು) ಪಾಠ ಮಾಡುತ್ತಿದ್ದಾಗ, ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್ ಮೇಲೆ ನೀರು ಹೇಗೆ ನಿಲ್ಲುತ್ತದೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ.

ಗ್ರಾಫೀನ್ ಹಾಳೆಗಳೇ ಒಂದರ ಮೇಲೊಂದು ಕೂತು ಆದ ಗ್ರಾಫೈಟ್ ನೀರನ್ನು ಒಲ್ಲದ ವಸ್ತು, ಅದರ ಮೇಲೆ ಹನಿಯ ಕೋನ ಸುಮಾರು 90 ಡಿಗ್ರಿ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಆಗತಾನೆ ಸುಲಿದ ಮೈಮೇಲೆ ಕೋನ 65 ಡಿಗ್ರಿಯ ಆಸುಪಾಸಿನಲ್ಲಿದ್ದು, ಗಾಳಿಯಲ್ಲಿನ ಹೈಡ್ರೋಕಾರ್ಬನ್ ಅಣುಗಳು ಅದರ ಮೇಲೆ ಕೂರುತ್ತಾ ಹೋದಂತೆ ಏರುತ್ತದೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಈ ಏರಿಕೆಯನ್ನು ಮಕ್ಕಳು ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ.

ಪೆನ್ಸಿಲ್ ಕಡ್ಡಿಯಲ್ಲಿ ಜೇಡಿಮಣ್ಣು ಬೆರೆತಿರುವುದರಿಂದ ಅದನ್ನು ಕೈಬಿಟ್ಟೆವು. ಗ್ರಾಫೈಟ್ ಚಕ್ಕೆಯೊಂದನ್ನು ಸೆಲೋಟೇಪಿನಿಂದ ಸುಲಿದು, ಸಿರಿಂಜಿನಿಂದ ಹನಿ ಬಿಟ್ಟು, ಮೊಬೈಲಿನಲ್ಲಿ ಪಕ್ಕದಿಂದ ಚಿತ್ರ ತೆಗೆದೆವು. ಚಕ್ಕೆಯ ಮೆಟ್ಟಿಲುಗಳಲ್ಲಿ ಹನಿಯ ಅಂಚು ಸಿಕ್ಕಿಕೊಂಡು, ಎಡಕ್ಕೊಂದು ಬಲಕ್ಕೊಂದು ಕೋನ ಬಂತು.

ಪದರಗಳು ಸಮನಾಗಿ ಜೋಡಿಸಿಕೊಂಡಿರುವ ಪ್ರಯೋಗಾಲಯದ ಗ್ರಾಫೈಟ್ ತುಣುಕು, ಬಳಸಿ ಬಿಟ್ಟದ್ದಾದರೂ ಸರಿ, ಯಾರ ಬಳಿಯಾದರೂ ಇದ್ದರೆ ಕೆಲವು ವಾರಗಳ ಮಟ್ಟಿಗೆ ಕೊಡಬಹುದೇ? ಚಿತ್ರದಿಂದ ಕೋನ ಲೆಕ್ಕ ಹಾಕುವ ಉಚಿತ ತಂತ್ರಾಂಶ ಬಳಸಿದವರು, ಬೆಳಕನ್ನು ಎಲ್ಲಿಡಬೇಕು, ಹನಿ ಎಷ್ಟು ಮೈಕ್ರೋಲೀಟರ್ ಇರಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ. ಇಲ್ಲಿ ಮಳೆಗಾಲದ ತೇವ ವಿಪರೀತ. ಅದು ಅಳತೆಯನ್ನು ಕೆಡಿಸದಂತೆ ಏನು ಮಾಡಬೇಕೆಂದು ಅನುಭವವಿದ್ದವರು ಹೇಳಿದರೆ ಉಪಕಾರವಾಗುತ್ತದೆ.