ಕ್ಯಾಲ್ಸಿಯಂ ತಡೆಯೋ ಮಾತ್ರೆ ಒಂದು, ಕೊಡೋ ಮಾತ್ರೆ ಒಂದು: ಅಪ್ಪ ಎರಡೂ ಬಿಟ್ಟು ಕೂತಿದಾರೆ

ಹಾಸನದ ಮಗಳು:
ಅಪ್ಪನಿಗೆ 67. ಬಿಪಿಗೆ ನಾಲ್ಕು ವರ್ಷದಿಂದ ಆಮ್ಲೋಡಿಪಿನ್ 5. ಹೋದ ತಿಂಗಳು ಮೂಳೆ ಡಾಕ್ಟರು ಕ್ಯಾಲ್ಸಿಯಂ 500 ಬರೆದರು. ಮೊಮ್ಮಗನ ಹತ್ರ ಮೊಬೈಲಲ್ಲಿ ಹುಡುಕಿಸಿದಾಗ ಆಮ್ಲೋಡಿಪಿನ್ "ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್" ಅಂತ ಬಂತು. "ಒಬ್ಬ ಬಾಗಿಲು ಹಾಕ್ತಾನೆ, ಇನ್ನೊಬ್ಬ ಸಾಮಾನು ಕಳಿಸ್ತಾನೆ, ಮೊದಲು ಇಬ್ಬರೂ ಮಾತಾಡಿಕೊಳ್ಳಲಿ" ಅಂತ ಎರಡೂ ನಿಲ್ಲಿಸಿ 11 ದಿನ ಆಯ್ತು. ಇವತ್ತು ಬೆಳಿಗ್ಗೆ ಬಿಪಿ 168/96. ಡಾಕ್ಟರು ಸಿಗೋದು ಗುರುವಾರ. ಎರಡೂ ಒಟ್ಟಿಗೆ ತಗೊಂಡವರು ಇದ್ದೀರಾ?

ಊದಿದ ಕಾಲು, ಮೈಸೂರು:
ಆಮ್ಲೋಡಿಪಿನ್ ಹೆಸರು ಕೇಳಿದ್ರೆ ನನಗೆ ಈಗಲೂ ಪಾದ ಜುಮ್ ಅನ್ನುತ್ತೆ. ನನ್ನದು 10ರ ಡೋಸ್. ಆರನೇ ವಾರಕ್ಕೆ ಸಂಜೆ ಆಗ್ತಿದ್ದ ಹಾಗೆ ಕಣಕಾಲು ಇಡ್ಲಿ ಹಿಟ್ಟಿನ ಥರ ಉಬ್ಬೋದು, ಬೆರಳಿಂದ ಒತ್ತಿದ್ರೆ ಗುಳಿ. ಎಕೋ 1,800, ಕಾಲಿನ ಡಾಪ್ಲರ್ 2,600, ಕಿಡ್ನಿ-ಲಿವರ್-ಥೈರಾಯ್ಡ್ ರಕ್ತ ಪರೀಕ್ಷೆ 1,950, ಮೂರು ಸಲ ಡಾಕ್ಟರ ಫೀಸು 600ರಂತೆ 1,800. ಒಟ್ಟು 8,150. ಆಟೋ ಸೇರಿಸಿಲ್ಲ. ಚಪ್ಪಲಿ 8ರಿಂದ 9ಕ್ಕೆ ಬದಲಾಯಿಸಿದ್ದು 749, ಅದನ್ನೂ ಸೇರಿಸಿಲ್ಲ. ಎಲ್ಲ ನಾರ್ಮಲ್. ಮೂತ್ರದ ಮಾತ್ರೆ ಕೊಟ್ಟರು, ರಾತ್ರಿ ನಾಲ್ಕು ಸಲ ಎದ್ದೆ, ಕಾಲು ಹಾಗೇ ಇತ್ತು. ಕೊನೆಗೆ ಬೇರೆ ಡಾಕ್ಟರು ಎರಡೇ ನಿಮಿಷದಲ್ಲಿ "ಇದು ಮಾತ್ರೆಯದೇ ಊತ" ಅಂದು ಅದೇ ಗುಂಪಿನ ಇನ್ನೊಂದು ಬಿಪಿ ಮಾತ್ರೆ ಸಿಲ್ನಿಡಿಪಿನ್‌ಗೆ ಬದಲಾಯಿಸಿದರು. ಮೂರು ವಾರದಲ್ಲಿ ಇಳಿಯಿತು. 9ರ ಚಪ್ಪಲಿ ಈಗ ನನ್ನ ಅಳಿಯ ಹಾಕ್ತಾನೆ. ನಿಮ್ಮ ತಂದೆ ಕಾಲು ನೋಡಿ.

ಧಾರವಾಡದ ಅಕ್ಕಾ:
ಕಾಲಿಂದು ಯಾರ್ ಕೇಳ್ಯಾರ್ರೀ ನಿಮ್ಮನ್ನ? ಕ್ಯಾಲ್ಸಿಯಂ ಬಿಟ್ರ ಏನಾಕ್ಕೇತಿ ಅನ್ನೋದು ನನಗ ಗೊತ್ತೈತಿ. ನಮ್ಮವ್ವಗ ಥೈರಾಯ್ಡ್ ಪೂರಾ ತಗದ್ರು. ಎರಡನೇ ದಿನಕ್ಕ ಡಿಸ್ಚಾರ್ಜ್. ಪಕ್ಕದ ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗೆ ಪೆಟ್ಟು ಬಿದ್ರ ರಕ್ತದಾಗಿನ ಕ್ಯಾಲ್ಸಿಯಂ ಕುಸೀತೈತಿ ಅಂತ ಒಬ್ರೂ ಹೇಳಲಿಲ್ಲ. ಮೂರನೇ ದಿನ ಬಾಯಿ ಸುತ್ತ ಇರುವಿ ಹರದಂಗ ಆತು, ಬೆರಳು ಸೆಟದು ನಿಂತ್ವು. "ಹೆದರ್ಯಾಳ, ಮಲಗಿಸ್ರಿ" ಅಂದ್ರು ಫೋನಿನ್ಯಾಗ. ರಾತ್ರಿ ಒಂದಕ್ಕ ಎದಿ ಡವಡವ. ಬ್ಯಾರೆ ದವಾಖಾನಿಗೆ ಓಡಿದ್ವಿ. ಕ್ಯಾಲ್ಸಿಯಂ 6.1, ಇರಬೇಕಾದ್ದು 8.5ರ ಮ್ಯಾಲ. ಇಸಿಜಿಯೊಳಗ ಕ್ಯುಟಿ, ಅಂದ್ರ ಒಂದು ಬಡತಕ್ಕ ಹೃದಯ ಹಿಂಡಿ ಮತ್ತ ಸಜ್ಜಾಗೋ ಹೊತ್ತು, ಉದ್ದಾಗಿತ್ತು. 10 ಎಂಎಲ್ ಕ್ಯಾಲ್ಸಿಯಂ ಗ್ಲುಕೋನೇಟ್ ನರಕ್ಕ ಹಾಕಿದ್ರು, ಹತ್ತು ನಿಮಿಷ ಹಿಡಕೊಂಡು ಹನಿಹನಿ, ಕಣ್ಣು ಮಾನಿಟರ್ ಮ್ಯಾಲ. ಐದು ದಿನ, 41,300 ರೂಪಾಯಿ. ಈಗೂ ದಿನಾ ಕ್ಯಾಲ್ಸಿಯಂ, ಜೋಡಿಗೆ ಕ್ಯಾಲ್ಸಿಟ್ರಯಾಲ್ ಅನ್ನೋ ವಿಟಮಿನ್ ಡಿ ಗುಳಗಿ. ಥೈರಾಯ್ಡ್ ಗುಳಗಿಗೂ ಕ್ಯಾಲ್ಸಿಯಂಗೂ ನಾಲ್ಕು ತಾಸು ಅಂತರ, ಅಡಗಿಮನಿ ಗ್ವಾಡಿ ಮ್ಯಾಲ ಬರದು ಅಂಟಿಸೇನಿ. ನಿಮ್ಮಪ್ಪಗ ಹೇಳ್ರಿ, ಕ್ಯಾಲ್ಸಿಯಂ ಅಂದ್ರ ಬರೇ ಎಲುಬಲ್ಲ.

ಮುದ್ದೆ ಭಕ್ತ, ತುಮಕೂರು:
ಹೆದರಿಸಬೇಡಿ ಅಕ್ಕ. ನಾನು ಆರು ವರ್ಷ ಕ್ಯಾಲ್ಸಿಯಂ ಮಾತ್ರೆ ನುಂಗಿದೆ. ಹೋದ ವರ್ಷ 4,200 ಕೊಟ್ಟು ಸಿಟಿ ಮಾಡಿಸಿದ್ರೆ ಹೃದಯದ ರಕ್ತನಾಳದ ಕ್ಯಾಲ್ಸಿಯಂ ಸ್ಕೋರ್ 412. ಸೊನ್ನೆ ಇರಬೇಕಾದ ಜಾಗದಲ್ಲಿ! ನುಂಗಿದ್ದೆಲ್ಲ ಅಲ್ಲೇ ಸುಣ್ಣ ಬಳಿದ ಹಾಗೆ ಕೂತಿದೆ. ಅವತ್ತೇ ಡಬ್ಬಿ ತಿಪ್ಪೆಗೆ ಎಸೆದೆ. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಪ್ಪನಿಗೆ ಎರಡು ಹೊತ್ತು ಮುದ್ದೆ ಹಾಕಿ, ಮುಗೀತು.

ಧಾರವಾಡದ ಅಕ್ಕಾ:
ನಮ್ಮವ್ವ ಆವತ್ತು ರಾತ್ರಿ ಮುದ್ದಿ ನುಂಗಿದ್ರ ಉಳೀತಿದ್ಲಾ? ನಿಮ್ಮ ಸ್ಕೋರ್ ನಿಮ್ಮ ಹಂತ್ಯಾಕ ಇಟಗೋರಿ.

ಮುದ್ದೆ ಭಕ್ತ, ತುಮಕೂರು:
ನಿಮ್ಮ ತಾಯಿ ಕೇಸೇ ಬೇರೆ. ಗ್ರಂಥಿ ಹೋದವರ ಮಾತು ಎಲ್ಲರಿಗೂ ಯಾಕೆ ಅಂಟಿಸ್ತೀರಿ?

ನೈಟ್ ಡ್ಯೂಟಿ ಸಿಸ್ಟರ್:
22 ವರ್ಷ ಐಸಿಯುನಲ್ಲಿ ಇದ್ದೀನಿ. ಇಬ್ಬರೂ ಸ್ವಲ್ಪ ಸುಮ್ಮನಿರಿ. ಮುದ್ದೆ ಅಣ್ಣ, ಸ್ಕೋರಿನ ಕ್ಯಾಲ್ಸಿಯಂ ಕೊಬ್ಬು ಕಟ್ಟಿಕೊಂಡ ಜಾಗದಲ್ಲಿ ವರ್ಷಗಟ್ಟಲೆ ಗಟ್ಟಿಯಾದ ಕಲೆ. ನಿಮ್ಮ ಶುಗರ್, ಸಿಗರೇಟ್ ಬಗ್ಗೆ ಒಂದಕ್ಷರ ಬರೆದಿಲ್ಲ ನೀವು. ಹೃದಯ ಬಡಿಯೋಕೆ ಬೇಕಾದ ಕ್ಯಾಲ್ಸಿಯಂ ಕಥೆ ಬೇರೆ. ಪ್ರತಿ ಬಡಿತಕ್ಕೂ ಮಾಂಸಕೋಶದ ಗೋಡೆಯ ಬಾಗಿಲಿಂದ ಚೂರು ಕ್ಯಾಲ್ಸಿಯಂ ಒಳಗೆ ಬರುತ್ತೆ. ಒಳಗಿನ ಉಗ್ರಾಣ ಅದನ್ನ ನೋಡಿ ತನ್ನ ದಾಸ್ತಾನು ಬಿಡುತ್ತೆ. ಅದು ಟ್ರೋಪೋನಿನ್ ಅನ್ನೋ ಮಾಂಸದ ಪ್ರೋಟೀನಿಗೆ ಅಂಟಿಕೊಂಡಾಗ ಎಳೆಗಳು ಒಂದನ್ನೊಂದು ಜಗ್ಗಿ ಹೃದಯ ಹಿಂಡುತ್ತೆ. ಆಮೇಲೆ ಅಷ್ಟನ್ನೂ ಪಂಪ್ ಮಾಡಿ ಮತ್ತೆ ಉಗ್ರಾಣಕ್ಕೆ, ಹೊರಕ್ಕೆ ಕಳಿಸಿದರೇ ಅದು ಸಡಿಲ ಆಗೋದು. ನಿಮಿಷಕ್ಕೆ 70 ಸಲ. ಆಮ್ಲೋಡಿಪಿನ್ ಹೆಚ್ಚಾಗಿ ಕೈ ಹಾಕೋದು ರಕ್ತನಾಳದ ಬಾಗಿಲಿಗೆ, ಅದಕ್ಕೇ ನಾಳ ಸಡಿಲಾಗಿ ಬಿಪಿ ಇಳಿಯುತ್ತೆ. ರಕ್ತದಲ್ಲಿ ಎಷ್ಟು ಇರಬೇಕು ಅನ್ನೋದನ್ನ ಪ್ಯಾರಾಥೈರಾಯ್ಡ್ ನೋಡಿಕೊಳ್ಳುತ್ತೆ. ಊಟ ಆದಮೇಲೆ ನುಂಗಿದ ಒಂದು 500 ಮಾತ್ರೆ ಆ ಬಾಗಿಲು ಒಡೆದು ಹಾಕಲ್ಲ.

ನನ್ನ ಸಿಟ್ಟು ಡಿಲ್ಟಿಯಾಜೆಮ್ ಮೇಲೆ. ಅದೇ ಗುಂಪಿನದು, ಆದರೆ ಹೃದಯದ ಬಾಗಿಲಿಗೇ ಹೋಗುತ್ತೆ. ನಮ್ಮತ್ತೆಗೆ ಒಬ್ಬರು ಮೆಟೊಪ್ರೊಲಾಲ್ ಕೊಟ್ಟಿದ್ದರು, ಅದೂ ನಾಡಿ ನಿಧಾನ ಮಾಡೋ ಮಾತ್ರೆಯೇ, ಇನ್ನೊಬ್ಬರು ಹಳೇ ಚೀಟಿ ನೋಡದೆ ಡಿಲ್ಟಿಯಾಜೆಮ್ ಸೇರಿಸಿದರು. ನಾಡಿ 36ಕ್ಕೆ ಬಂದು ಬಚ್ಚಲಲ್ಲಿ ಬಿದ್ದರು, ಸೊಂಟದ ಮೂಳೆ ಮುರೀತು. ಆಪರೇಷನ್ 1,85,000. ಇನ್ಶೂರೆನ್ಸ್ ಕೊಟ್ಟಿದ್ದು 1,10,000, ಉಳಿದ 75,000 ನನ್ನ ಚಿನ್ನ. ಮನೇಲಿ ನರ್ಸ್ ಇದ್ದೂ ನೋಡಲಿಲ್ವಾ ಅಂತ ನಾದಿನಿ ಇವತ್ತಿಗೂ ಅಂತಾಳೆ.

ಮದ್ದೂರಿನ ಹಾಲಿನ ಗೌಡ:
ಸಿಸ್ಟರ್ ಹೇಳಿದ್ದು ದಿಟ. ನಮ್ಮ ಎಚ್‌ಎಫ್ ತಳಿ ಸೀಮೆ ಹಸ ಕರ ಹಾಕಿ ಮಾರ್ನೇ ದಿನ ಮಲಗ್ದೋಳು ಏಳ್ನೇ ಇಲ್ಲ. ಕತ್ತು ಪಕ್ಕೆಗೆ ತಿರುಗ್ಸ್ಕಂಡು ಕೂತವ್ಳೆ, ಕಿವಿ ತಣ್ಣಗೆ. ಹಾಲುಜ್ವರ. ಹೆಸ್ರಿಗ್ ಜ್ವರ, ಮೈ ಬಿಸೀನೇ ಇರಲ್ಲ. ಕ್ಯಾಲ್ಸಿಯಂ ಎಲ್ಲಾ ಹಾಲಿಗೋಗಿ ಮಾಂಸಕ್ಕೆ ಇಲ್ದಂಗಾಯ್ತದೆ. ಡಾಕ್ಟ್ರು ದೂರದಲ್ಲಿದ್ರು ಅಂತ ಊರಲ್ಲಿ ಇಂಜೆಕ್ಷನ್ ಚುಚ್ಚೋನ್ನ ಕರುದ್ವಿ. ಬಾಟ್ಲಿ ಮ್ಯಾಲಕ್ ಎತ್ತಿ ಸರ್ರಂತ ಬುಟ್ಬುಟ್ಟ. ಅರ್ಧ ಬಾಟ್ಲಿಗೇ ಎದೆ ನಿಂತೋಯ್ತು. 72,000 ಕೊಟ್ಟು ತಂದಿದ್ದೆ, ದಿನಕ್ಕೆ 18 ಲೀಟ್ರು. ಎರಡ್ನೇ ಹಸಕ್ಕೆ ಡಾಕ್ಟ್ರೇ ಬಂದು, ಬಾಟ್ಲಿ ಕೆಳಗ್ ಇಟ್ಕಂಡು, ಒಂದ್ ಕೈಲಿ ಸ್ಟೆತಸ್ಕೋಪ್ ಹಿಡ್ಕಂಡು ನಿಧಾನಕ್ಕೆ ಬುಟ್ರು. ಬಾಟ್ಲಿ ಮುಗ್ಯೋದ್ರೊಳ್ಗೆ ತೇಗಿ ಎದ್ ನಿಂತ್ಲು. ಕಮ್ಮಿ ಆದ್ರೂ ಸಾವು, ಜಾಸ್ತಿ ಆದ್ರೂ ಸಾವು.

ಊದಿದ ಕಾಲು, ಮೈಸೂರು:
ಮನುಷ್ಯರ ವಿಷಯದಲ್ಲಿ ದನ ತರಬೇಡಿ ಗೌಡ್ರೆ.

ಮದ್ದೂರಿನ ಹಾಲಿನ ಗೌಡ:
ನಿಮ್ಮ ಚಪ್ಲಿ ತಂದಿಲ್ವಾ? ನನ್ನ ಹಸಿನ ಎದೇನೂ ಎದೆನೇ.

ನಿವೃತ್ತ ಮೇಷ್ಟ್ರು, ಕೋಲಾರ:
ಗೌಡರ ಪರ ನಾನು. ಹಸು ಏನು, ಇದು ಗೊತ್ತಾಗಿದ್ದೇ ಕಪ್ಪೆಯಿಂದ. 1880ರ ದಶಕದಲ್ಲಿ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಸುತ್ತಿದ್ದರು. ಬಟ್ಟಿ ಇಳಿಸಿದ ನೀರು ಅಂದುಕೊಂಡಿದ್ದರು, ಸಹಾಯಕ ಹಾಕಿದ್ದು ನಲ್ಲಿ ನೀರು. ನಿಜವಾದ ಬಟ್ಟಿ ನೀರು ಹಾಕಿದಾಗ ಹೃದಯ ಸೋತು ನಿಂತಿತು. ನಲ್ಲಿ ನೀರಿನ ಕ್ಯಾಲ್ಸಿಯಮ್ಮೇ ಬಡಿಸುತ್ತಿದ್ದದ್ದು. 1883ರಲ್ಲಿ ತಮ್ಮ ಲೆಕ್ಕ ತಪ್ಪಾಗಿತ್ತೆಂದು ತಾವೇ ಪ್ರಕಟಿಸಿದರು. ಈಗಿನವರು ಒಪ್ಪುತ್ತಾರೆಯೇ? ನನ್ನ ಮಗ 14,500 ಕೊಟ್ಟು ಆರ್‌ಒ ಹಾಕಿಸಿದ್ದಾನೆ, ಇದ್ದಬದ್ದ ಖನಿಜವೆಲ್ಲ ಹೊರಕ್ಕೆ. ನಾನು ಬೋರ್‌ವೆಲ್ ನೀರೇ ಕುಡಿಯುತ್ತೇನೆ, ಹೃದಯ ಗಟ್ಟಿಯಾಗಿದೆ.

ಮುದ್ದೆ ಭಕ್ತ, ತುಮಕೂರು:
ಕೋಲಾರದ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಇರುತ್ತೆ ಮೇಷ್ಟ್ರೆ! ಮಗ ಬುದ್ಧಿವಂತ.

ನಿವೃತ್ತ ಮೇಷ್ಟ್ರು, ಕೋಲಾರ:
ನಮ್ಮ ಬೋರ್‌ವೆಲ್ ಪರೀಕ್ಷೆ ಮಾಡಿಸಿದ್ದೇನೆ. ಕಾಗದ ಇದೆ. ನಿಮ್ಮ ಸ್ಕೋರಿನ ಹಾಗೆ ಊಹೆಯಲ್ಲ.

ನೈಟ್ ಡ್ಯೂಟಿ ಸಿಸ್ಟರ್:
ಸಾರ್, ಆರ್‌ಒ ನೀರು ಹೊಟ್ಟೆಗೆ ಹೋಗೋದು, ಕಪ್ಪೆ ಹೃದಯ ಆ ನೀರಲ್ಲೇ ಮುಳುಗಿತ್ತು. ನಮ್ಮ ರಕ್ತಕ್ಕೆ ಕಮ್ಮಿ ಬಿದ್ದರೆ ಮೂಳೆ ಸಾಲ ಕೊಡುತ್ತೆ, ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಅಲ್ಲೇ ಇರೋದು. ಮಗನ ಮೇಲಿನ ಕೋಪಕ್ಕೆ ರಿಂಗರ್‌ನ ಎಳೀಬೇಡಿ.

ನಿವೃತ್ತ ಮೇಷ್ಟ್ರು, ಕೋಲಾರ:
ನನ್ನ ಮಗನ ವಿಷಯ ನಿಮಗೆ ಬೇಡಮ್ಮ.

ಧಾರವಾಡದ ಅಕ್ಕಾ:
ಆ ಹುಡುಗಿ ಕೇಳಿದ್ದೇನು, ನೀವು ಹೇಳೋದೇನು! ತಂಗಿ, ಬಿಪಿ ಈಗೆಷ್ಟೈತಿ?

ಹಾಸನದ ಮಗಳು:
172/98 ಆಗಿತ್ತು, ಗುರುವಾರದ ತನಕ ಕಾಯೋಕೆ ಧೈರ್ಯ ಆಗ್ಲಿಲ್ಲ, ಫೋನ್ ಮಾಡಿದೆ. ಇವತ್ತಿಂದಲೇ ಆಮ್ಲೋಡಿಪಿನ್ ಶುರು ಮಾಡಿ, ಕ್ಯಾಲ್ಸಿಯಂ ಊಟ ಆದಮೇಲೆ, ಎರಡಕ್ಕೂ ಜಗಳ ಇಲ್ಲ ಅಂದರು. ಅಪ್ಪನಿಗೆ ಈ ಎಲ್ಲ ಓದಿ ಹೇಳಿದೆ. ಗುಮಾಸ್ತರಾಗಿದ್ದ ಅಪ್ಪನಿಗೆ ಉಗ್ರಾಣದ ಲೆಕ್ಕ ಹಿಡಿಸಿತು, ಬಿಪಿ ಮಾತ್ರೆ ನುಂಗಿದರು. ಕ್ಯಾಲ್ಸಿಯಂ ನಾಳೆಯಿಂದ ಅಂತೆ. ಗೌಡರ ಹಸು ಸತ್ತಿದ್ದಕ್ಕೆ ಬೇಜಾರು ಮಾಡಿಕೊಂಡರು.

ಊದಿದ ಕಾಲು, ಮೈಸೂರು:
ಒಳ್ಳೇದಾಯ್ತು. ಕಾಲು ನೋಡಿದ್ರಾ?