‘ಬರೀ ಲಾರಿ ಓಡಿಸಿದರು’ ಅಂತ ಬರೆಯಬಹುದಾ? ಎರಡನೇ ಮಹಾಯುದ್ಧದ ಕಪ್ಪು ಸೈನಿಕರ ಬಗ್ಗೆ ಒಂದು ಪ್ರಶ್ನೆ

ಪಿ.ಬಿ. ರೋಡ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕಾಲೇಜೊಂದರ ಇತಿಹಾಸ ಪ್ರದರ್ಶನಕ್ಕೆ ಆರು ಅಡಿ ಉದ್ದ, ಮೂರು ಅಡಿ ಅಗಲದ ಫ್ಲೆಕ್ಸ್ ಆಗಬೇಕು. ವಿಷಯ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕಪ್ಪು ಸೈನಿಕರು. ಮಕ್ಕಳು ಬರೆದ ಕರಡಿನಲ್ಲಿ ಒಂದು ಸಾಲು ಹೀಗಿದೆ: ‘ಇವರಲ್ಲಿ ಹೆಚ್ಚಿನವರು ಯುದ್ಧ ಮಾಡಲಿಲ್ಲ, ಬರೀ ಲಾರಿ ಓಡಿಸಿದರು, ಮೂಟೆ ಇಳಿಸಿದರು.’ ಇದು ಸರಿಯಾ? ಫ್ರಾನ್ಸಿನ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಲಾರಿ ವ್ಯವಸ್ಥೆ ನಿಜವಾಗಿ ಹೇಗೆ ನಡೀತಿತ್ತು ಅಂತ ಅಂಕಿಅಂಶದ ಸಮೇತ ಬೇಕು. ಇನ್ನೊಂದು, ಹಳೇ ಪಠ್ಯಗಳಲ್ಲಿ ‘ನೀಗ್ರೋ’ ಅಂತಿದೆ. ಯಾವ ಪದ ಬಳಸೋದು?

ಹೊಳಲ್ಕೆರೆ ಓದುಗ:

ಪದದ ಮಾತು ಮೊದಲು ಮುಗಿಸೋಣ. ‘ಕಪ್ಪು ಸೈನಿಕರು’ ಅಥವಾ ‘ಆಫ್ರಿಕನ್ ಅಮೆರಿಕನ್ ಸೈನಿಕರು’ ಅಂತ ಬರೆಯಿರಿ. ‘ನೀಗ್ರೋ’ ಅನ್ನೋದು ಆ ಕಾಲದ ಸರ್ಕಾರಿ ಕಾಗದಗಳ ಪದ. ಹಳೇ ದಾಖಲೆಯ ಹೆಸರು ಹೇಳುವಾಗ ಉದ್ಧರಣ ಚಿಹ್ನೆಯೊಳಗೆ ಬರಲಿ, ನಿಮ್ಮ ಸ್ವಂತ ವಾಕ್ಯದಲ್ಲಿ ಬೇಡ.

ಇನ್ನು ಆ ಸಾಲು. ಕೆಲಸದ ಹಂಚಿಕೆಯ ಮಟ್ಟಿಗೆ ಅದು ಬಹುಪಾಲು ನಿಜ. ತಪ್ಪಿರೋದು ‘ಬರೀ’ ಅನ್ನೋ ಪದದಲ್ಲಿ. ಓದಿದವರಿಗೆ ಆ ಕೆಲಸವನ್ನ ಅವರೇ ಆರಿಸಿಕೊಂಡರು, ಇಲ್ಲವೇ ಅವರಿಗೆ ಅಷ್ಟೇ ಬರುತ್ತಿತ್ತು ಅನ್ನಿಸಿಬಿಡುತ್ತದೆ. 1925ರಲ್ಲಿ ಅಮೆರಿಕದ ಆರ್ಮಿ ವಾರ್ ಕಾಲೇಜು ಒಂದು ವರದಿ ತಯಾರಿಸಿತ್ತು. ಕಪ್ಪು ಜನರಿಗೆ ಯುದ್ಧಕ್ಕೆ ಬೇಕಾದ ಧೈರ್ಯವಿಲ್ಲ, ನಾಯಕತ್ವಕ್ಕೆ ಬೇಕಾದ ಬುದ್ಧಿಯಿಲ್ಲ ಅಂತ ಅದರಲ್ಲಿ ಬರೆದಿದ್ದರು. 1940ರ ಅಕ್ಟೋಬರಿನಲ್ಲಿ ಬಂದ ನೀತಿ, ಸೈನ್ಯದಲ್ಲಿ ಕಪ್ಪು ಸೈನಿಕರ ಪ್ರಮಾಣ ಜನಸಂಖ್ಯೆಗೆ ತಕ್ಕಂತೆ, ಅಂದರೆ ಸುಮಾರು ಶೇ. 10 ಇರಲಿ ಅಂದಿತು. ಆದರೆ ಒಂದೇ ರೆಜಿಮೆಂಟಿನಲ್ಲಿ ಎರಡೂ ಬಣ್ಣದವರು ಬೆರೆಯಬಾರದು ಅಂತಲೂ ಅದರಲ್ಲೇ ಇತ್ತು. ಹಾಗಾಗಿ ಎಲ್ಲವೂ ಎರಡೆರಡು ಆಗಬೇಕಾಯಿತು. ತರಬೇತಿಯ ತುಕಡಿ ಬೇರೆ, ಮಲಗುವ ಬ್ಯಾರಕ್ ಬೇರೆ, ಕ್ಯಾಂಟೀನ್ ಬೇರೆ. ಮೇಲಧಿಕಾರಿಗಳು ಮಾತ್ರ ಬಹುತೇಕ ಬಿಳಿಯರೇ.

ನಮ್ಮ ಕಡೆ ಹೋಟೆಲುಗಳ ಎರಡು ಲೋಟದ ಪದ್ಧತಿ ಗೊತ್ತಿರುವ ಓದುಗರಿಗೆ ಇದನ್ನ ಉದ್ದಕ್ಕೆ ವಿವರಿಸಬೇಕಿಲ್ಲ. ಅಲ್ಲಿ ರಕ್ತದ ಬಾಟಲಿಗೂ ಭೇದ ಮಾಡಿದರು. ಅಮೆರಿಕದ ರೆಡ್ ಕ್ರಾಸ್ ಮೊದಲು ಕಪ್ಪು ದಾನಿಗಳ ರಕ್ತವನ್ನೇ ಬೇಡ ಅಂದಿತು. 1942ರ ಜನವರಿಯಿಂದ ತಗೊಂಡಿತು, ಆದರೆ ಗುರುತು ಹಾಕಿ ಬೇರೆ ಇಟ್ಟಿತು. ರಕ್ತದ ಪ್ಲಾಸ್ಮಾವನ್ನ ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸುವ ವ್ಯವಸ್ಥೆ ಕಟ್ಟಿದವರಲ್ಲಿ ಪ್ರಮುಖರಾದ ಡಾ. ಚಾರ್ಲ್ಸ್ ಡ್ರೂ ಅವರೇ ಕಪ್ಪು ಜನಾಂಗದವರು. ಫ್ಲೆಕ್ಸಿನಲ್ಲಿ ಇದಕ್ಕೊಂದು ಜಾಗ ಇಡಿ.

ಲಾರಿ ಲೆಕ್ಕ, ಚಿತ್ರದುರ್ಗ:

ರೆಡ್ ಬಾಲ್ ಬಗ್ಗೆ ಸ್ವಲ್ಪ ವಿವರವಾಗೇ ಹೇಳ್ತೀನಿ. ಹೆದ್ದಾರಿ ಪಕ್ಕದ ಊರಿನವರಿಗೆ ಇದು ಬೇಗ ಅರ್ಥ ಆಗುತ್ತೆ.

ಇದು ನಡೆದದ್ದು 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ. ನಾರ್ಮಂಡಿಯಲ್ಲಿ ಇಳಿದ ಸೈನ್ಯ ಯೋಜನೆಗಿಂತ ಬಹಳ ವೇಗವಾಗಿ ಮುಂದೆ ಹೋಯಿತು, ಸಾಮಾನೆಲ್ಲ ಸಮುದ್ರದ ದಂಡೆಯಲ್ಲೇ ಉಳಿಯಿತು. ಜರ್ಮನ್ನರ ಓಡಾಟ ತಡೆಯೋಕೆ ಫ್ರಾನ್ಸಿನ ರೈಲು ಹಳಿಗಳನ್ನ ಮಿತ್ರಪಡೆಗಳೇ ಬಾಂಬ್ ಹಾಕಿ ಕೆಡಿಸಿದ್ದವು. ಉಳಿದದ್ದು ರಸ್ತೆ ಒಂದೇ. ಒಂದು ಡಿವಿಷನ್ನಿಗೆ (ಸಾವಿರಾರು ಸೈನಿಕರ ದೊಡ್ಡ ಪಡೆ) ದಿನಕ್ಕೆ ಸುಮಾರು 750 ಟನ್ ಬೇಕು, ಮುಂದಿದ್ದದ್ದು 28 ಡಿವಿಷನ್. ನೀವೇ ಲೆಕ್ಕ ಹಾಕಿ.

ಸೇಂಟ್ ಲೋ ಊರಿನಿಂದ ಶಾರ್ತ್ರ್ ಕಡೆಗೆ ಎರಡು ರಸ್ತೆ ಮೀಸಲಿಟ್ಟರು. ಉತ್ತರದ್ದು ಲೋಡು ಗಾಡಿಗೆ, ದಕ್ಷಿಣದ್ದು ಖಾಲಿ ವಾಪಸ್ ಬರೋಕೆ. ಎರಡೂ ಏಕಮುಖ, ಬೇರೆ ವಾಹನಕ್ಕೆ ಪ್ರವೇಶ ಇಲ್ಲ. ದಾರಿಯುದ್ದಕ್ಕೂ ಕೆಂಪು ವೃತ್ತದ ಫಲಕ. ನಡುವೆ ಅಲೆನ್ಸಾನ್ ಹತ್ತಿರ ತಂಗುದಾಣ, ಅಲ್ಲಿ ಡ್ರೈವರ್ ಬದಲಿ, ಬಿಸಿ ಊಟ, ರಿಪೇರಿ. ಕಾಗದದ ಮೇಲಿನ ನಿಯಮ: ಕನಿಷ್ಠ ಐದು ಗಾಡಿಯ ಸಾಲು, ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ, ಗಾಡಿಯಿಂದ ಗಾಡಿಗೆ 55 ಮೀಟರ್ ಅಂತರ, ಓವರ್‌ಟೇಕ್ ಇಲ್ಲ, ಗಂಟೆ ತುಂಬೋಕೆ ಹತ್ತು ನಿಮಿಷ ಇರುವಾಗ ಎಲ್ಲರೂ ನಿಲ್ಲಬೇಕು.

ಆಗಸ್ಟ್ 29ರಂದು 132 ಲಾರಿ ಕಂಪನಿಗಳ (ಸೈನ್ಯದ ತುಕಡಿಗಳು) 5,958 ಗಾಡಿಗಳು 12,342 ಟನ್ ಮುಟ್ಟಿಸಿದವು. ಅಷ್ಟೂ ಗಾಡಿಗಳನ್ನ ಆ ಅಂತರದಲ್ಲಿ ಒಂದೇ ಸಾಲಿಗೆ ನಿಲ್ಲಿಸಿದರೆ, ಬೆಂಗಳೂರಲ್ಲಿ ಶುರುವಾದ ಸಾಲು ದುರ್ಗ, ದಾವಣಗೆರೆ ದಾಟಿ ಹಾವೇರಿ ಆಚೆಗೆ ಹೋಗುತ್ತೆ. ಆ ಡ್ರೈವರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಸೈನಿಕರು.

ಗಾಡಿ ಜಿಎಂಸಿಯ ಎರಡೂವರೆ ಟನ್ನಿನದು. ಮೂರು ಆಕ್ಸಲ್, ಮೂರಕ್ಕೂ ಎಂಜಿನ್ನಿನಿಂದ ಎಳೆತ. ಮುಂದೆ ಎರಡು, ಹಿಂದೆ ಜೋಡಿಜೋಡಿಯಾಗಿ ಎಂಟು, ಒಟ್ಟು ಹತ್ತು ಟೈರು. ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಪೆಟ್ರೋಲನ್ನ ಹೆಚ್ಚಾಗಿ ಜೆರಿಕ್ಯಾನಿನಲ್ಲೇ ಒಯ್ಯುತ್ತಿದ್ದರು. ಒಂದಕ್ಕೆ ಸುಮಾರು 19 ಲೀಟರ್, ತುಂಬಿದರೆ 18 ಕೆ.ಜಿ. ಅಮೆರಿಕದ ಎರಡೂವರೆ ಟನ್ (ಸುಮಾರು 2,270 ಕೆ.ಜಿ.) ಅಂದರೆ ಸುಮಾರು 125 ಕ್ಯಾನು. ಆದರೆ ರಸ್ತೆಯಲ್ಲಿ ಇದರ ದುಪ್ಪಟ್ಟು ಹೇರೋಕೆ ಅನುಮತಿ ಇತ್ತು. ಪ್ರತಿ ಕ್ಯಾನನ್ನೂ ಕೈಯಲ್ಲೇ ಎತ್ತಿ ಜೋಡಿಸಬೇಕು, ಮುಂದೆ ಕೈಯಲ್ಲೇ ಇಳಿಸಬೇಕು. ‘ಮೂಟೆ ಇಳಿಸಿದರು’ ಅನ್ನೋ ಮಾತಿನ ಹಿಂದೆ ಇರೋ ತೂಕ ಇದು.

ಕೆಡುತ್ತಿದ್ದದ್ದು ಎಲ್ಲಿ? ಮೊದಲು ಟೈರು. ಓವರ್‌ಲೋಡ್ ಒಂದು ಕಡೆ, ಸೈನಿಕರು ತಿಂದು ರಸ್ತೆಗೆ ಎಸೆದ ಊಟದ ಡಬ್ಬಿಗಳ ಹರಿತ ಅಂಚು ಇನ್ನೊಂದು ಕಡೆ. ಹಿಂದಿನ ಜೋಡಿಯಲ್ಲಿ ಒಂದು ಟೈರು ಗಾಳಿ ಬಿಟ್ಟರೆ ಪೂರ್ತಿ ಭಾರ ಪಕ್ಕದ್ದರ ಮೇಲೆ ಬಿದ್ದು ಅದೂ ಕಾದು ಸಿಡಿಯುತ್ತೆ. ಗಾಡಿಯನ್ನ ಹೆಚ್ಚು ಹೊತ್ತು ನಿಲ್ಲಿಸೋ ಹಾಗಿಲ್ಲದ್ದರಿಂದ ಆಯಿಲ್ ನೋಡುವವರಿಲ್ಲ, ಬ್ಯಾಟರಿಗೆ ನೀರಿಲ್ಲ, ಬೋಲ್ಟು ಬಿಗಿ ಮಾಡುವವರಿಲ್ಲ. ವೇಗ ತಡೆಯೋ ಗವರ್ನರ್ ಇದ್ದರೆ ಏರಿನಲ್ಲಿ ಲೋಡು ಎಳೆಯೋಲ್ಲ ಅಂತ ಡ್ರೈವರುಗಳು ಅದನ್ನ ಬಿಚ್ಚಿದರು, ಆಗ ವೇಗದ ನಿಯಮವೂ ಹೋಯಿತು. ಮುಂಚೂಣಿ ಹತ್ತಿರ ರಾತ್ರಿ ಸಣ್ಣ ಸೀಳಿನಷ್ಟೇ ಬೆಳಕು ಬಿಡುವ ದೀಪದಲ್ಲಿ ಓಡಿಸಬೇಕು. ಅಪಘಾತಗಳಿಗೆ ದೊಡ್ಡ ಕಾರಣ ನಿದ್ದೆ.

ಒಟ್ಟು ಸಾಗಿಸಿದ್ದು 4,12,193 ಟನ್.

ಹರಿಹರ ಹೊಳೆದಂಡೆ:

ಲಾರಿ ಲೆಕ್ಕದವರು ಹೇಳಿದ್ದು ಸರಿ. ಒಂದು ಎಚ್ಚರಿಕೆ ಸೇರಿಸ್ತೀನಿ, ‘ರೆಡ್ ಬಾಲ್ ಇಡೀ ಸೈನ್ಯವನ್ನ ಸಾಕಿತು’ ಅಂತ ಬರೆಯಬೇಡಿ. 4,12,193 ಟನ್ನನ್ನ ಆ ದಿನಗಳಿಗೆ ಹಂಚಿದರೆ ದಿನಕ್ಕೆ ಐದು ಸಾವಿರ ಟನ್ನಿನ ಆಸುಪಾಸು, ಬೇಕಿದ್ದದ್ದು ಇಪ್ಪತ್ತು ಸಾವಿರ. ಅತಿ ಹೊಗಳಿಕೆಯಿಂದಲೂ ಇವರಿಗೆ ಅನ್ಯಾಯವೇ ಆಗುತ್ತದೆ, ಯಾರಾದರೂ ಲೆಕ್ಕ ಹಿಡಿದು ಕೇಳಿದರೆ ಉಳಿದ ನಿಜವನ್ನೂ ನಂಬೋದಿಲ್ಲ.

‘ಯುದ್ಧ ಮಾಡಲಿಲ್ಲ’ ಅನ್ನೋ ಮಾತನ್ನಂತೂ ತೆಗೆಯಲೇಬೇಕು. ಕಪ್ಪು ಸೈನಿಕರ 761ನೇ ಟ್ಯಾಂಕ್ ಬೆಟಾಲಿಯನ್ 1944ರ ನವೆಂಬರಿನಲ್ಲಿ ಫ್ರಾನ್ಸಿನಲ್ಲಿ ಕಾಳಗಕ್ಕೆ ಇಳಿದು 183 ದಿನ ಹೋರಾಡಿತು. ಅದರ ಸಾರ್ಜೆಂಟ್ ರೂಬೆನ್ ರಿವರ್ಸ್ ಅವರ ಟ್ಯಾಂಕು ನವೆಂಬರ್ 16ರಂದು ನೆಲಬಾಂಬಿಗೆ ಸಿಕ್ಕಿ ಕಾಲಿನ ಮಾಂಸ ಮೂಳೆ ಕಾಣುವಷ್ಟು ಸೀಳಿತು. ಮಾರ್ಫೀನ್ ಬೇಡ ಅಂದರು, ಹಿಂದಕ್ಕೆ ಹೋಗೋದಿಲ್ಲ ಅಂದರು. ಬೇರೆ ಟ್ಯಾಂಕು ಹತ್ತಿ ಮೂರು ದಿನ ಹೋರಾಡಿ 19ರಂದು ಸತ್ತರು. ಇಟಲಿಯಲ್ಲಿ ಕಪ್ಪು ಸೈನಿಕರದೇ 92ನೇ ಡಿವಿಷನ್ ಇತ್ತು. ಅದರ ಲೆಫ್ಟಿನೆಂಟ್ ಜಾನ್ ಫಾಕ್ಸ್ 1944ರ ಡಿಸೆಂಬರ್ 26ರಂದು ಶತ್ರು ಸುತ್ತುವರಿದಾಗ ತಾವಿದ್ದ ಮನೆಯ ಮೇಲೇ ಫಿರಂಗಿ ಹಾರಿಸಿ ಅಂತ ಸೂಚನೆ ಕೊಟ್ಟರು.

ಯುದ್ಧದ ಹೊತ್ತಿನಲ್ಲಿ ಅತ್ಯುನ್ನತ ಪದಕವಾದ ಮೆಡಲ್ ಆಫ್ ಆನರ್ ಒಬ್ಬ ಕಪ್ಪು ಸೈನಿಕನಿಗೂ ಸಿಗಲಿಲ್ಲ. 1997ರ ಜನವರಿ 13ರಂದು ಏಳು ಜನರಿಗೆ ಕೊಟ್ಟಾಗ ಬದುಕಿದ್ದವರು ವರ್ನನ್ ಬೇಕರ್ ಒಬ್ಬರೇ.

ನಿಮ್ಮ ಕರಡಿಗೆ ನೇರ ಉತ್ತರ ಆಗುವ ಸಂಗತಿ ಇನ್ನೊಂದಿದೆ. 1944ರ ಡಿಸೆಂಬರಿನಲ್ಲಿ ಜರ್ಮನ್ನರು ತಿರುಗಿ ಬಿದ್ದು ಕಾಲಾಳುಗಳ ಕೊರತೆಯಾದಾಗ, ಲಾರಿ, ಗೋದಾಮು, ಬಂದರಿನಲ್ಲಿದ್ದ ಕಪ್ಪು ಸೈನಿಕರಿಗೆ ಮುಂಚೂಣಿಗೆ ಬರ್ತೀರಾ ಅಂತ ಕೇಳಿದರು. ಷರತ್ತು ಏನೆಂದರೆ, ಸಾರ್ಜೆಂಟ್ ಆಗಿದ್ದರೂ ತೋಳಿನ ಪಟ್ಟಿ, ಅಂದರೆ ದರ್ಜೆ ಬಿಟ್ಟು ಸಾಮಾನ್ಯ ಸಿಪಾಯಿಯಾಗಬೇಕು. ಬಿಳಿಯ ಸಿಪಾಯಿಗಳ ಮೇಲೆ ಕಪ್ಪು ಸಾರ್ಜೆಂಟ್ ಬರಬಾರದಲ್ಲ. ಹಾಗಿದ್ದೂ 4,500ಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. 2,200ಕ್ಕೂ ಹೆಚ್ಚು ಜನರ 53 ಪ್ಲಟೂನುಗಳು (ಸಣ್ಣ ತುಕಡಿಗಳು) ಬಿಳಿಯರ ತುಕಡಿಗಳ ಜೊತೆ ಹೋರಾಡಿದವು. ಆಮೇಲೆ ಆ ತುಕಡಿಗಳ ಬಿಳಿಯ ಅಧಿಕಾರಿಗಳು, ಸಾರ್ಜೆಂಟುಗಳನ್ನ ಸೈನ್ಯವೇ ವಿಚಾರಿಸಿತು. ಮೊದಲು ಮನಸ್ಸಿರಲಿಲ್ಲ ಅಂದವರು ಶೇ. 64, ಜೊತೆಗಿದ್ದ ಮೇಲೆ ಅಭಿಪ್ರಾಯ ಒಳ್ಳೆಯದಾಯಿತು ಅಂದವರು ಶೇ. 77. ಆ ವರದಿಯನ್ನ ಆಗ ಹೊರಗೆ ಬಿಡಲಿಲ್ಲ. ಪ್ರತ್ಯೇಕತೆ ನಿಲ್ಲಬೇಕು ಅಂತ ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದು 1948ರ ಜುಲೈ 26ರಂದು.

ಪಿ.ಬಿ. ರೋಡ್, ದಾವಣಗೆರೆ:

ಮೂವರಿಗೂ ಧನ್ಯವಾದ. ಸಾಲು ಹೀಗೆ ತಿದ್ದಿದ್ದೇವೆ: ‘ಪ್ರತ್ಯೇಕತೆಯ ನೀತಿಯಿಂದಾಗಿ ಕಪ್ಪು ಸೈನಿಕರಲ್ಲಿ ಹೆಚ್ಚಿನವರನ್ನು ಸಾಗಣೆ, ನಿರ್ಮಾಣದ ಕೆಲಸಕ್ಕೆ ಹಾಕಲಾಯಿತು. ಫ್ರಾನ್ಸಿನ ಲಾರಿ ಚಾಲಕರಲ್ಲಿ ಶೇ. 75 ಇವರೇ. ಅವಕಾಶ ಸಿಕ್ಕಲ್ಲಿ ಮುಂಚೂಣಿಯಲ್ಲೂ ಹೋರಾಡಿದರು.’ ನಡುವೆ ಲಾರಿಯ ಚಿತ್ರ.

ಲಾರಿ ಲೆಕ್ಕ, ಚಿತ್ರದುರ್ಗ:

ಚೆನ್ನಾಗಿದೆ. ‘ಫ್ರಾನ್ಸಿನ ಲಾರಿ ಚಾಲಕರು’ ಅಂದರೆ ಫ್ರೆಂಚರು ಅಂತ ಓದಿಕೊಳ್ಳೋ ಅಪಾಯ ಇದೆ, ‘ರೆಡ್ ಬಾಲ್ ಚಾಲಕರಲ್ಲಿ ಸುಮಾರು ಶೇ. 75’ ಅಂತ ಮಾಡಿ. ಚಿತ್ರ ಪ್ರಿಂಟಿಗೆ ಕೊಡೋ ಮೊದಲು ಹಿಂದಿನ ಆಕ್ಸಲ್ ಎಣಿಸಿ, ಎರಡು ಇರಬೇಕು. ಒಂದೇ ಇದ್ದರೆ ಅದು ಬೇರೆ ಗಾಡಿ.